ತೋಳು ಸಾಲದ ವಯಸ್ಸು: ಚಾಳೀಸು ಎಂದರೇನು, ಕನ್ನಡಕವಿಲ್ಲದೆ ಎಷ್ಟು ಸರಿಹೋಗುತ್ತದೆ?

ಶಿಡ್ಲಘಟ್ಟದ ರೇಷ್ಮೆ ಗೂಡಿನ ಮಾರುಕಟ್ಟೆಯಲ್ಲಿ ಹರಾಜಿನ ಹೊತ್ತಿಗೆ ಒಂದು ಮೂಲೆಯಲ್ಲಿ ನಿಂತು ನೋಡಿ. 25ರ ಹುಡುಗ ಮೊಬೈಲನ್ನು ಎದೆಯ ಹತ್ತಿರ ಹಿಡಿದು ದರ ಒತ್ತುತ್ತಾನೆ. ಪಕ್ಕದಲ್ಲಿರುವ, ಗೂಡು ಕೊಂಡು ನೂಲು ತೆಗೆಸುವ 48ರ ರೀಲರ್ ಅಂಥದ್ದೇ ಮೊಬೈಲನ್ನು ತೋಳು ಚಾಚಿ ಹಿಡಿದು, ಕತ್ತನ್ನು ಹಿಂದಕ್ಕೆಳೆದು, ಕಣ್ಣು ಕಿರಿದಾಗಿಸಿ ನೋಡುತ್ತಾರೆ. ಬಾಯಲ್ಲಿ ದರ ಕೂಗುತ್ತಿದ್ದ ಕಾಲದಲ್ಲಿ ಈ ವಯಸ್ಸಿನವರಿಗೆ ಗಂಟಲಿದ್ದರೆ ಸಾಕಿತ್ತು. ಈಗ 6 ಅನ್ನು 8 ಎಂದು ಓದಿಕೊಂಡರೆ ಆ ದಿನದ ಲೆಕ್ಕವೇ ಅಡಿಮೇಲಾಗುತ್ತದೆ.

ಅದೇ ಮೊಬೈಲಿಗೆ ದಿನವೂ ಒಂದಲ್ಲ ಒಂದು ವಿಡಿಯೊ ಬರುತ್ತಿರುತ್ತದೆ. ಇಪ್ಪತ್ತೊಂದು ದಿನ ಈ ವ್ಯಾಯಾಮ ಮಾಡಿ ಕನ್ನಡಕ ಬಿಸಾಡಿ, ಈ ಸೊಪ್ಪಿನ ರಸ ಕುಡಿಯಿರಿ, ಆ ಎಣ್ಣೆ ಹಚ್ಚಿ, ಇತ್ಯಾದಿ. ನನಗೂ ನಲವತ್ತಾರು ತುಂಬಿದೆ. ಮಾತ್ರೆಯ ಪಟ್ಟಿಯ ಮೇಲಿನ ಅಕ್ಷರಗಳು ಇರುವೆಗಳಂತೆ ಕಾಣತೊಡಗಿ ಎರಡು ವರ್ಷವಾಯಿತು. ಈ ವಿಡಿಯೊಗಳಲ್ಲಿ ಎಷ್ಟು ನಿಜ, ಎಷ್ಟು ಸುಳ್ಳು ಎಂದು ತಿಳಿಯಬೇಕಾದರೆ ಕಣ್ಣಿನೊಳಗೆ ಏನು ಕೆಡುತ್ತದೆ ಎಂಬುದನ್ನು ಮೊದಲು ನೋಡಬೇಕು.

ಹೆಸರಿನ ಗೊಂದಲ

ನಲವತ್ತರ ಆಸುಪಾಸಿನಲ್ಲಿ ಹತ್ತಿರದ್ದು ಮಸುಕಾಗತೊಡಗುವುದಕ್ಕೆ ನಮ್ಮ ಕಡೆ ಚಾಳೀಸು ಎನ್ನುತ್ತಾರೆ. ಮರಾಠಿಯಲ್ಲಿ ಚಾಳೀಸ್ ಎಂದರೆ ನಲವತ್ತು. ವಯಸ್ಸೇ ತೊಂದರೆಯ ಹೆಸರಾಯಿತು, ಆಮೇಲೆ ಅದಕ್ಕೆ ಹಾಕುವ ಕನ್ನಡಕದ ಹೆಸರೂ ಆಯಿತು. ವೈದ್ಯರ ಭಾಷೆಯಲ್ಲಿ ಇದು ಪ್ರೆಸ್ಬಯೋಪಿಯಾ.

ಶಾಲೆಯ ವಿಜ್ಞಾನ ಪುಸ್ತಕದಲ್ಲಿ ಓದಿದ ‘ಸಮೀಪ ದೃಷ್ಟಿ’ ಇದಲ್ಲ. ಅಲ್ಲಿ ಸಮೀಪ ದೃಷ್ಟಿ ಎಂದರೆ ಹತ್ತಿರದ್ದು ಸರಿಯಾಗಿ ಕಂಡು ದೂರದ್ದು ಮಸುಕಾಗುವುದು. ಅದಕ್ಕೆ ಮೈನಸ್ ಕನ್ನಡಕ. ಹತ್ತಿರದ್ದು ಮಸುಕಾಗುವ ‘ದೂರ ದೃಷ್ಟಿ’ಯೂ ಇದಲ್ಲ. ಅದರಲ್ಲಿ ಕಣ್ಣುಗುಡ್ಡೆಯ ಅಳತೆಯಲ್ಲೇ ವ್ಯತ್ಯಾಸವಿರುತ್ತದೆ, ಅದು ಮಕ್ಕಳಿಗೂ ಇರಬಹುದು. ಚಾಳೀಸಿನಲ್ಲಿ ಕಣ್ಣುಗುಡ್ಡೆಯ ಅಳತೆ ಇದ್ದಂತೆಯೇ ಇರುತ್ತದೆ. ಬದಲಾಗುವುದು ಅದರೊಳಗಿನ ಮಸೂರ.

ಬಿಸಿ ಮುದ್ದೆ, ಆರಿದ ಮುದ್ದೆ

ಕಣ್ಣಿನ ಕಪ್ಪು ಚುಕ್ಕೆಗೆ ಪಾಪೆ ಎನ್ನುತ್ತೇವಲ್ಲ, ಬೆಳಕು ಒಳಗೆ ಹೋಗುವ ಕಿಂಡಿ ಅದು. ಅದರ ಹಿಂದೆಯೇ ಅಲಸಂದೆ ಕಾಳಿಗಿಂತ ಸ್ವಲ್ಪ ದೊಡ್ಡದಾದ, ತಿಳಿಯಾದ ಮಸೂರ ಕುಳಿತಿದೆ. ಹೊರಗಿನ ಬೆಳಕನ್ನು ಕಣ್ಣಿನ ಹಿಂಭಾಗದ ಪರದೆಯ ಮೇಲೆ ಚೂಪಾಗಿ ಬೀಳಿಸುವ ಕೆಲಸದಲ್ಲಿ ಅದಕ್ಕೊಂದು ಪಾಲಿದೆ. ದೂರದ ನಂದಿ ಬೆಟ್ಟ ನೋಡುವಾಗ ಮಸೂರ ಚಪ್ಪಟೆಯಾಗಿದ್ದರೆ ಸಾಕು. ಕೈಯಲ್ಲಿರುವ ಬಸ್ ಟಿಕೆಟ್ ಓದಬೇಕಾದರೆ ಅದು ಉಬ್ಬಿ ದುಂಡಗಾಗಬೇಕು.

ಹೇಗೆ ಉಬ್ಬುತ್ತದೆ? ಒಂದು ದೊಡ್ಡ ಬಳೆಯ ನಡುವೆ ನೀರು ತುಂಬಿದ ಸಣ್ಣ ಬಲೂನನ್ನು ಸುತ್ತಲೂ ದಾರಗಳಿಂದ ಎಳೆದು ಕಟ್ಟಿದ್ದೀರಿ ಎಂದುಕೊಳ್ಳಿ. ದಾರಗಳು ಬಿಗಿಯಾಗಿದ್ದರೆ ಬಲೂನು ಚಪ್ಪಟೆಯಾಗುತ್ತದೆ. ಬಳೆ ಕಿರಿದಾದರೆ ದಾರಗಳು ಸಡಿಲಾಗುತ್ತವೆ, ಬಲೂನು ತನ್ನಷ್ಟಕ್ಕೆ ದುಂಡಗಾಗುತ್ತದೆ. ಕಣ್ಣಿನಲ್ಲಿ ಆ ಬಳೆ ಎಂದರೆ ಸಿಲಿಯರಿ ಎಂಬ ಸ್ನಾಯುವಿನ ಉಂಗುರ. ದಾರಗಳು ಎಂದರೆ ಕೂದಲಿಗಿಂತ ತೆಳುವಾದ ತಂತುಗಳು. ಹತ್ತಿರ ನೋಡಬೇಕೆಂದಾಗ ಉಂಗುರ ಬಿಗಿದುಕೊಂಡು ಕಿರಿದಾಗುತ್ತದೆ, ತಂತು ಸಡಿಲುತ್ತದೆ, ಮಸೂರ ಉಬ್ಬುತ್ತದೆ. ಜರ್ಮನಿಯ ವಿಜ್ಞಾನಿ ಹೆಲ್ಮ್‌ಹೋಲ್ಟ್ಸ್ 1855ರಲ್ಲಿ ಕೊಟ್ಟ ಈ ವಿವರಣೆ ಇಂದಿಗೂ ನಿಂತಿದೆ.

ಇಲ್ಲಿ ಗಮನಿಸಬೇಕಾದದ್ದು ಒಂದಿದೆ. ಸ್ನಾಯು ಮಸೂರವನ್ನು ಹಿಸುಕಿ ದುಂಡಗೆ ಮಾಡುವುದಿಲ್ಲ. ಅದು ಬಿಡುವು ಕೊಡುತ್ತದೆ ಅಷ್ಟೆ, ದುಂಡಗಾಗುವ ಗುಣ ಮಸೂರದ್ದೇ.

ಆ ಗುಣವೇ ವಯಸ್ಸಿನೊಂದಿಗೆ ಕಳೆಯುತ್ತದೆ. ಚರ್ಮದ ಹಳೆಯ ಕೋಶಗಳು ಉದುರಿಹೋಗುತ್ತವೆ, ಉಗುರು ಕತ್ತರಿಸುತ್ತೇವೆ, ಕೂದಲು ಹೋಗುತ್ತದೆ. ಮಸೂರದಿಂದ ಏನೂ ಹೊರಗೆ ಹೋಗುವುದಿಲ್ಲ. ಈರುಳ್ಳಿಯ ಹಾಗೆ ಹೊರಗೆ ಹೊಸ ಪದರ ಸೇರುತ್ತಲೇ ಇರುತ್ತದೆ, ಹಳೆಯವು ಒಳಕ್ಕೆ ಒತ್ತಿಕೊಳ್ಳುತ್ತವೆ. ನಟ್ಟನಡುವಿನ ಭಾಗ ನಾವು ತಾಯಿಯ ಗರ್ಭದಲ್ಲಿದ್ದಾಗ ಆದದ್ದು. ವರ್ಷಗಳು ಕಳೆದಂತೆ ಅದು ಗಟ್ಟಿಯಾಗುತ್ತದೆ. ಒಲೆಯಿಂದ ಇಳಿಸಿದ ರಾಗಿ ಮುದ್ದೆ ಹೇಳಿದ ಹಾಗೆ ಕೇಳುತ್ತದೆ; ರಾತ್ರಿ ಮಿಕ್ಕಿದ್ದನ್ನು ಬೆಳಿಗ್ಗೆ ಒತ್ತಿ ನೋಡಿ. ಹತ್ತು ವರ್ಷದ ಮಗುವಿನ ಮಸೂರ ಬಿಸಿ ಮುದ್ದೆ. ನಮ್ಮದು ಆರಿದ ಮುದ್ದೆ.

ಮಗು ಮೂಗಿನಿಂದ ಏಳೆಂಟು ಸೆಂಟಿಮೀಟರ್ ದೂರದಲ್ಲಿ ಇರುವೆಯನ್ನು ಇಟ್ಟುಕೊಂಡು ಅದರ ಕಾಲು ಎಣಿಸಬಲ್ಲದು. ನಲವತ್ತರ ಆಸುಪಾಸಿನಲ್ಲಿ ಸ್ಪಷ್ಟವಾಗಿ ಕಾಣುವ ಅತಿ ಹತ್ತಿರದ ಬಿಂದು 22–25 ಸೆಂಟಿಮೀಟರಿಗೆ ಸರಿದಿರುತ್ತದೆ. ಐವತ್ತಕ್ಕೆ 40–50 ಸೆಂಟಿಮೀಟರು, ಅರವತ್ತಕ್ಕೆ ಸುಮಾರು ಒಂದು ಮೀಟರು. ಪತ್ರಿಕೆಯನ್ನು ನಾವು ಸಾಮಾನ್ಯವಾಗಿ 35–40 ಸೆಂಟಿಮೀಟರ್ ದೂರದಲ್ಲಿ ಹಿಡಿಯುತ್ತೇವೆ. ಬಿಂದು ಅದನ್ನು ದಾಟಿದ ಮೇಲೆ ತೋಳು ಚಾಚಬೇಕು, ಕೊನೆಗೆ ತೋಳೂ ಸಾಲದು. ಇದು ನಲವತ್ತರಲ್ಲಿ ಹುಟ್ಟಿದ ತೊಂದರೆಯೂ ಅಲ್ಲ. ಹತ್ತನೇ ವಯಸ್ಸಿನಿಂದಲೇ ಬಿಂದು ಹಿಂದೆ ಸರಿಯುತ್ತಿತ್ತು, ಪತ್ರಿಕೆಯ ಅಕ್ಷರಕ್ಕೆ ತಾಗಿದಾಗ ನಮಗೆ ಗೊತ್ತಾಯಿತು.

ಬೆಳಿಗ್ಗೆ ಓದಿದ್ದು ಸಂಜೆ ಏಕೆ ಕಾಣುವುದಿಲ್ಲ?

ನಮ್ಮ ಬೀದಿಯಲ್ಲಿ ನೂಲು ಬಿಚ್ಚುವ ಕೆಲಸಕ್ಕೆ ಹೋಗುವ ಒಬ್ಬ ಅಕ್ಕ ಇದ್ದಾರೆ. ಬಿಸಿನೀರಿನ ತೊಟ್ಟಿಯಲ್ಲಿ ಬೆಂದ ಗೂಡುಗಳು ತೇಲುತ್ತಿರುತ್ತವೆ. ಒಂದೊಂದರ ಎಳೆಯ ತುದಿ ಹಿಡಿದು ಓಡುವ ನೂಲಿಗೆ ಸೇರಿಸಬೇಕು. ಆ ಎಳೆ ನಮ್ಮ ತಲೆಗೂದಲಿನ ಮೂರನೇ ಒಂದು ಭಾಗದಷ್ಟೂ ದಪ್ಪವಿರುವುದಿಲ್ಲ. ಬೆಳಿಗ್ಗೆ ಎಲ್ಲ ಸರಿಯಾಗಿ ಕಾಣುತ್ತದೆ, ನಾಲ್ಕು ಗಂಟೆಯ ಮೇಲೆ ಹಣೆ ಸಿಡಿಯುತ್ತದೆ, ಎಳೆ ಎರಡೆರಡಾಗುತ್ತದೆ ಎಂದು ಅವರು ಹೇಳುತ್ತಿದ್ದರು. ದೃಷ್ಟಿ ಬಿದ್ದಿದೆ ಎಂದು ಅವರ ಅತ್ತೆ ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದ್ದೂ ಆಯಿತು.

ಇದಕ್ಕೆ ಎರಡು ಕಾರಣಗಳಿವೆ. ಮೊದಲನೆಯದು, ಕಣ್ಣು ತನ್ನ ಪೂರ್ತಿ ಶಕ್ತಿಯನ್ನು ಹಾಕಿ ಇಡೀ ದಿನ ದುಡಿಯಲಾರದು. ಬೋರ್‌ವೆಲ್ ಮೋಟಾರನ್ನು ತಾಳುವ ಮಿತಿಯ ತುತ್ತತುದಿಯಲ್ಲಿ ಓಡಿಸಿದರೆ ಏನಾಗುತ್ತದೆಂದು ನಮ್ಮ ಚಿಕ್ಕಬಳ್ಳಾಪುರ ಜಿಲ್ಲೆಯವರಿಗೆ ಹೇಳಬೇಕಾಗಿಲ್ಲ. ಇರುವ ಸಾಮರ್ಥ್ಯದ ಅರ್ಧದಷ್ಟನ್ನು ಬಳಸಿದರೆ ಆರಾಮ, ಉಳಿದರ್ಧ ಮೀಸಲು ಎಂಬುದು ಕನ್ನಡಕದ ನಂಬರ್ ಕೊಡುವವರು ಹಿಡಿಯುವ ಒಂದು ಅಂದಾಜು. ಹತ್ತಿರದ ಬಿಂದು 25 ಸೆಂಟಿಮೀಟರಿನಲ್ಲಿದ್ದರೂ ಅಲ್ಲಿ ದಿನವಿಡೀ ಕೆಲಸ ಮಾಡಲಾಗುವುದಿಲ್ಲ. ಆರಾಮದ ದೂರ ಅರ್ಧ ಮೀಟರು.

ಎರಡನೆಯದು ಬೆಳಕು. ಹೆಚ್ಚು ಬೆಳಕಿದ್ದಾಗ ಪಾಪೆ ಕಿರಿದಾಗುತ್ತದೆ. ಕಿಂಡಿ ಕಿರಿದಾದಷ್ಟೂ ಅಡ್ಡಾದಿಡ್ಡಿ ಬರುವ ಕಿರಣಗಳು ಕಡಿಮೆಯಾಗಿ, ಮಸೂರ ಪೂರ್ತಿ ಉಬ್ಬದಿದ್ದರೂ ಚಿತ್ರ ತಕ್ಕಮಟ್ಟಿಗೆ ಚೂಪಾಗಿರುತ್ತದೆ. ಸಂಜೆಯ ಮಂದ ಬೆಳಕಿಗೆ ಪಾಪೆ ಅರಳುತ್ತದೆ, ಮಸುಕು ಬಯಲಾಗುತ್ತದೆ.

ನಂಬಿಕೆ ಬರದಿದ್ದರೆ ಈಗಲೇ ನೋಡಬಹುದು. ದಪ್ಪ ಕಾಗದದಲ್ಲಿ ಗುಂಡುಸೂಜಿಯಿಂದ ಒಂದು ತೂತು ಮಾಡಿ, ಕಣ್ಣಿಗೆ ಹತ್ತಿರ ಹಿಡಿದು, ಒಳ್ಳೆಯ ಬೆಳಕಿನಲ್ಲಿ ಮಾತ್ರೆಯ ಪಟ್ಟಿ ಓದಿ. ಕನ್ನಡಕವಿಲ್ಲದೆ ಕಾಣದ ಅಕ್ಷರ ಕಾಣುತ್ತದೆ. ನಾನು ಮೊದಲ ಸಲ ನೋಡಿದಾಗ ಕಾಗದವನ್ನು ತಿರುಗಿಸಿ ತಿರುಗಿಸಿ ಪರೀಕ್ಷಿಸಿದ್ದೆ. ಕಣ್ಣು ಕಿರಿದಾಗಿಸಿ ನೋಡುವಾಗ ನಾವು ಮಾಡುವುದೂ ರೆಪ್ಪೆಯಿಂದ ಇದನ್ನೇ.

ವ್ಯಾಯಾಮದಿಂದ ಏನಾಗುತ್ತದೆ?

ಕಣ್ಣನ್ನು ಎಡಕ್ಕೆ ಬಲಕ್ಕೆ ಹೊರಳಿಸುವುದು, ಹೆಬ್ಬೆರಳನ್ನು ಹತ್ತಿರ ತಂದು ದೂರ ಒಯ್ಯುವುದು, ಅಂಗೈ ಉಜ್ಜಿ ಕಣ್ಣಿನ ಮೇಲಿಡುವುದು, ದೀಪ ನೋಡುವ ತ್ರಾಟಕ. ಇವುಗಳಲ್ಲಿ ಕೆಲವು ಹಳೆಯ ಪದ್ಧತಿ. ಕೆಲವಕ್ಕೆ ಮೂಲ ಅಮೆರಿಕದ ವಿಲಿಯಂ ಬೇಟ್ಸ್ ಎಂಬ ವೈದ್ಯ. ಕಣ್ಣುಗುಡ್ಡೆಯ ಹೊರಗಿನ ಸ್ನಾಯುಗಳ ಬಿಗಿತವೇ ದೃಷ್ಟಿದೋಷಕ್ಕೆ ಕಾರಣ, ಅದನ್ನು ಸಡಿಲಿಸಿದರೆ ಕನ್ನಡಕ ಬೇಡ ಎಂದು ಆತ 1920ರಲ್ಲಿ ವಾದಿಸಿದ. ವಾದ ನಿಲ್ಲಲಿಲ್ಲ, ವ್ಯಾಯಾಮಗಳು ಉಳಿದುಕೊಂಡವು.

ಮುದ್ದೆಯ ಮಾತಿಗೇ ಮರಳೋಣ. ಆರಿದ ಮುದ್ದೆಯನ್ನು ಮೆತ್ತಗೆ ಮಾಡಲು ಕೈಗೆ ಕಸರತ್ತು ಮಾಡಿಸಿದರೆ ಉಪಯೋಗವಿಲ್ಲ. ನಲವತ್ತು, ಐವತ್ತರಲ್ಲೂ ಸಿಲಿಯರಿ ಸ್ನಾಯು ಚೆನ್ನಾಗಿಯೇ ಬಿಗಿಯುತ್ತದೆ. ಅದು ಬಿಡುವು ಕೊಟ್ಟರೂ ಮಸೂರ ಉಬ್ಬುವುದಿಲ್ಲ. ಬಲವಾಗಿರುವ ಸ್ನಾಯುವಿಗೆ ಇನ್ನಷ್ಟು ಬಲ ಬಂದರೂ ಫಲವಿಲ್ಲ.

ಆದರೆ ‘ನನಗೆ ಒಳ್ಳೆಯದಾಯಿತು’ ಎನ್ನುವವರೆಲ್ಲ ಸುಳ್ಳು ಹೇಳುತ್ತಿದ್ದಾರೆಯೇ? ಹಾಗೇನಿಲ್ಲ. ಬೆಳಗಿನ ಬಿಸಿಲಿನಲ್ಲಿ ಅಂಗಳದಲ್ಲಿ ಕುಳಿತು ಅಭ್ಯಾಸ ಮಾಡುವವರ ಪಾಪೆ ಆಗ ಕಿರಿದಾಗಿರುತ್ತದೆ. ಕಣ್ಣು ಮುಚ್ಚಿ ತೆರೆದು ಮಾಡಿದಾಗ ಕಣ್ಣೀರಿನ ಪದರ ಸಮವಾಗಿ ಹರಡಿ ಮಸುಕು ಹೋಗುತ್ತದೆ. ಅರ್ಧ ಗಂಟೆ ಹತ್ತಿರದ ಕೆಲಸ ಬಿಟ್ಟದ್ದರಿಂದಲೇ ತಲೆನೋವು ಇಳಿಯುತ್ತದೆ. ಇನ್ನೊಂದು ಮಿದುಳಿನ ಪಾಲು: ಮಸುಕಾದ ಗುರುತುಗಳನ್ನು ಮತ್ತೆ ಮತ್ತೆ ಗುರುತಿಸುವ ತರಬೇತಿ ಪಡೆದವರು ಅದೇ ಕಣ್ಣಿನಲ್ಲಿ ಸ್ವಲ್ಪ ಚಿಕ್ಕ ಅಕ್ಷರ ಓದಬಲ್ಲರೆಂದು ಸಣ್ಣ ಪ್ರಯೋಗಗಳಲ್ಲಿ ಕಂಡಿದೆ. ಮಸೂರ ಹಾಗೆಯೇ ಇರುತ್ತದೆ, ಮಿದುಳು ಊಹಿಸುವುದರಲ್ಲಿ ಪಳಗುತ್ತದೆ. ಗೌರಿಬಿದನೂರು ತಾಲ್ಲೂಕಿನ ಹೊಸೂರಿನವರಾದ ಶಿಕ್ಷಣ ತಜ್ಞ, ವಿಚಾರವಾದಿ ಎಚ್. ನರಸಿಂಹಯ್ಯನವರು ಏನನ್ನೂ ಪ್ರಶ್ನಿಸದೆ ಒಪ್ಪಬೇಡಿ ಎಂದು ಜೀವಮಾನವಿಡೀ ಹೇಳಿದರು. ಇಲ್ಲಿ ಕೇಳಬೇಕಾದ ಪ್ರಶ್ನೆ ಸರಳ: ಬದಲಾದದ್ದು ಮಸೂರವೇ, ಬೆಳಕೇ, ಕಣ್ಣೀರೇ, ಅಭ್ಯಾಸವೇ?

ಮಾಡುವವರು ಮಾಡಲಿ, ಕಣ್ಣು ಹೊರಳಿಸಿದರೆ ನಷ್ಟವಿಲ್ಲ. ಸೂರ್ಯನನ್ನು ನೇರವಾಗಿ ದಿಟ್ಟಿಸುವ ‘ಅಭ್ಯಾಸ’ ಮಾತ್ರ ಬೇಡವೇ ಬೇಡ. ಅದು ಕಣ್ಣಿನ ಹಿಂದಿನ ಪರದೆಯನ್ನು ಸುಡುತ್ತದೆ, ಸುಟ್ಟದ್ದು ಮರಳದೆಯೂ ಇರಬಹುದು.

ಹೊನ್ನಗೊನ್ನೆ, ನುಗ್ಗೆ, ಕ್ಯಾರೆಟ್

ಹೊನ್ನಗೊನ್ನೆ ಸೊಪ್ಪು ಕಣ್ಣಿಗೆ ಒಳ್ಳೆಯದು ಎಂದು ಅಜ್ಜಿಯಿಂದ ಕೇಳದೆ ಬೆಳೆದವರು ನಮ್ಮಲ್ಲಿ ಕಡಿಮೆ. ಆ ಮಾತಿನಲ್ಲಿ ಅರ್ಥವಿದೆ. ಹಸಿರು ಸೊಪ್ಪು, ನುಗ್ಗೆ ಸೊಪ್ಪು, ಕ್ಯಾರೆಟ್, ಪರಂಗಿ ಹಣ್ಣುಗಳಲ್ಲಿರುವ ಬೀಟಾ ಕ್ಯಾರೊಟಿನ್ ನಮ್ಮ ದೇಹದಲ್ಲಿ ಎ ಜೀವಸತ್ವವಾಗುತ್ತದೆ. ಅದು ಕಡಿಮೆಯಾದರೆ ಇರುಳುಗಣ್ಣು ಬರುತ್ತದೆ, ಮಕ್ಕಳಲ್ಲಿ ತೀವ್ರವಾದರೆ ಕಣ್ಣೇ ಹೋಗಬಹುದು. ಕೊರತೆಯಿದ್ದವರಿಗೆ ಸೊಪ್ಪು ಮದ್ದಿನಂತೆ ಕೆಲಸ ಮಾಡುವುದು ಅದಕ್ಕೇ.

ಚಾಳೀಸು ಕೊರತೆಯಿಂದ ಬಂದದ್ದಲ್ಲ. ವಾರಕ್ಕೆ ನಾಲ್ಕು ದಿನ ಮಸ್ಸೊಪ್ಪು ತಿಂದರೂ ಗಟ್ಟಿಯಾದ ಮಸೂರ ಮೆತ್ತಗಾಗುವುದಿಲ್ಲ. ಆದರೂ ತಿನ್ನಿ, ಕಣ್ಣಿನ ಹಿಂದಿನ ಪರದೆಗೂ ಉಳಿದ ದೇಹಕ್ಕೂ ಅದು ಬೇಕು.

ತಿನ್ನುವುದು ಬೇರೆ, ಕಣ್ಣಿಗೆ ಹಾಕುವುದು ಬೇರೆ. ಸೊಪ್ಪಿನ ರಸ, ಜೇನುತುಪ್ಪ, ಈರುಳ್ಳಿ ರಸ, ಹರಳೆಣ್ಣೆ, ಎದೆಹಾಲನ್ನು ಕಣ್ಣಿಗೆ ಬಿಡುವ ರೂಢಿ ಇನ್ನೂ ಇದೆ. ಹೊಲದ ಸೊಪ್ಪಿನಲ್ಲಿ ಮಣ್ಣಿನ ಬೂಷ್ಟು, ಸೂಕ್ಷ್ಮಾಣು ಎಲ್ಲ ಇರುತ್ತವೆ. ಕಣ್ಣಿನ ಮುಂಭಾಗದ ಪಾರದರ್ಶಕ ಪೊರೆಯಾದ ಕಾರ್ನಿಯಾಕ್ಕೆ ಹುಣ್ಣಾದರೆ ಬಿಳಿ ಕಲೆ ಉಳಿಯುತ್ತದೆ. ಚಾಳೀಸಿಗೆ ಕನ್ನಡಕವಾದರೂ ಇದೆ, ಆ ಕಲೆಗೆ ಕನ್ನಡಕವಿಲ್ಲ.

ಸಹಜವಾಗಿ ನಿಜಕ್ಕೂ ಸಾಧ್ಯವಿರುವುದು

ಮಸೂರವನ್ನು ಹಿಂದಕ್ಕೆ ಒಯ್ಯಲಾಗದು. ಇರುವ ಮಸೂರದಿಂದ ಹೆಚ್ಚು ಕೆಲಸ ತೆಗೆಯಬಹುದು.

ಎಲ್ಲಕ್ಕಿಂತ ದೊಡ್ಡ ಉಪಾಯ ಬೆಳಕು. ಮನೆಯ ನಡುವಿನ ಒಂದೇ ಟ್ಯೂಬ್‌ಲೈಟ್ ಬೆನ್ನ ಹಿಂದಿದ್ದರೆ ಓದುವ ಪುಟದ ಮೇಲೆ ಬೀಳುವುದು ನಮ್ಮದೇ ನೆರಳು. ಸಣ್ಣ ಎಲ್‌ಇಡಿ ದೀಪವನ್ನು ಭುಜದ ಪಕ್ಕದಿಂದ, ಕಣ್ಣಿಗೆ ಹೊಡೆಯದಂತೆ, ಕೆಲಸದ ಮೇಲೆ ಬೀಳುವಂತೆ ಇಟ್ಟರೆ ನಲವತ್ತರ ಆರಂಭದವರು ಕೆಲವೊಮ್ಮೆ ಕನ್ನಡಕವನ್ನು ಒಂದೆರಡು ವರ್ಷ ಮುಂದೂಡಬಹುದು. ಚಿಕ್ಕಬಳ್ಳಾಪುರದ ಹೂವಿನ ಮಾರುಕಟ್ಟೆಗಾಗಿ ನಸುಕಿನಲ್ಲೇ ಹೂ ಕಟ್ಟುವವರು ಬಾಗಿಲ ಹೊಸ್ತಿಲಲ್ಲಿ ಕೂರುವುದು ಗಾಳಿಗಾಗಿ ಮಾತ್ರವಲ್ಲ. ಮಲ್ಲಿಗೆಗೆ ಬಿಳಿ ದಾರ ಬಳಸಿ ಕಷ್ಟಪಡುವವರು ಕೆಳಗೆ ಕಪ್ಪು ಬಟ್ಟೆ ಹಾಸಿ ನೋಡಲಿ. ಹಿನ್ನೆಲೆಯ ಬಣ್ಣ ಬೇರೆಯಾದರೆ ಅಂಚು ಎದ್ದು ಕಾಣುತ್ತದೆ.

ಮೊಬೈಲಿನಲ್ಲಿ ಅಕ್ಷರ ದೊಡ್ಡದು ಮಾಡಿಕೊಳ್ಳಲು ಏಕೋ ನಮ್ಮವರಿಗೆ ನಾಚಿಕೆ. ಸೆಟ್ಟಿಂಗ್ಸ್‌ನಲ್ಲಿ ಒಂದು ಗೆರೆ ಎಳೆದರೆ ಆಗುವ ಕೆಲಸ ಅದು.

ರೆಪ್ಪೆ ಮಿಟುಕಿಸುವುದನ್ನು ಪರದೆಯ ಮುಂದೆ ನಾವು ಮರೆಯುತ್ತೇವೆ. ಸಾಮಾನ್ಯವಾಗಿ ನಿಮಿಷಕ್ಕೆ ಹದಿನೈದರಷ್ಟಿರುವುದು ಅರ್ಧಕ್ಕೂ ಇಳಿಯುತ್ತದೆ, ಕಣ್ಣು ಒಣಗಿ ಮಸುಕಾಗುತ್ತದೆ. ಇಪ್ಪತ್ತು ನಿಮಿಷಕ್ಕೊಮ್ಮೆ ಇಪ್ಪತ್ತು ಅಡಿ ಆಚೆಗಿನದನ್ನು ಇಪ್ಪತ್ತು ಸೆಕೆಂಡು ನೋಡಿ ಎನ್ನುವ ಸಲಹೆ ಈ ದಣಿವಿಗೆ; ಅದು ಚಾಳೀಸನ್ನು ತಡೆಯುವುದಿಲ್ಲ.

ಇನ್ನು ಸಕ್ಕರೆ ಕಾಯಿಲೆ. ರಕ್ತದಲ್ಲಿ ಸಕ್ಕರೆ ಏರಿಳಿದಂತೆ ಮಸೂರ ನೀರು ಹೀರಿ ಉಬ್ಬುತ್ತದೆ, ಇಳಿಯುತ್ತದೆ. ಈ ವಾರ ಕಂಡದ್ದು ಮುಂದಿನ ವಾರ ಕಾಣದು. ಅಂಥವರಿಗೆ ಸಕ್ಕರೆ ಹತೋಟಿಗೆ ಬಂದರೆ ಕಣ್ಣಿಗೆ ಬೇರೆ ಔಷಧಿಯಿಲ್ಲದೆಯೂ ದೃಷ್ಟಿ ಸ್ಥಿರವಾಗುತ್ತದೆ. ಸಕ್ಕರೆ ಕುಣಿಯುತ್ತಿರುವಾಗ ಮಾಡಿಸಿದ ಕನ್ನಡಕ ತಿಂಗಳೊಳಗೆ ನಿರುಪಯೋಗಿ ಆಗಬಹುದು, ಕೆಲವು ವಾರ ಕಾದು ಪರೀಕ್ಷೆ ಮಾಡಿಸುವುದು ಲೇಸು.

ಇದ್ದಕ್ಕಿದ್ದಂತೆ ಕನ್ನಡಕ ಬೇಡವಾದರೆ

‘ನಮ್ಮ ತಾತನಿಗೆ ಎಪ್ಪತ್ತು, ಹೋದ ವರ್ಷದಿಂದ ಕನ್ನಡಕವಿಲ್ಲದೆ ಪೇಪರ್ ಓದುತ್ತಾರೆ’ ಎಂದು ಹೆಮ್ಮೆಯಿಂದ ಹೇಳುವವರನ್ನು ನೀವೂ ಕಂಡಿರಬಹುದು. ತಾತ ಕುಡಿದ ಕಷಾಯಕ್ಕೆ ಕೀರ್ತಿ ಹೋಗುತ್ತದೆ. ಹಲವು ಸಲ ಇದು ಪೊರೆ ಬರುತ್ತಿರುವುದರ ಲಕ್ಷಣ. ಮಸೂರದ ನಡುಭಾಗ ಸಾಂದ್ರವಾದಾಗ ಬೆಳಕನ್ನು ಹೆಚ್ಚು ಬಗ್ಗಿಸುತ್ತದೆ, ಕಣ್ಣು ಮೈನಸ್ ಕಡೆಗೆ ಹೋಗುತ್ತದೆ, ಹತ್ತಿರದ್ದು ತಾನಾಗಿ ಕಾಣುತ್ತದೆ. ದೂರದ ಬಸ್ಸಿನ ಬೋರ್ಡ್ ಓದಲು ಹೇಳಿ ನೋಡಿ, ತಡವರಿಸುತ್ತಾರೆ. ಕಷಾಯವನ್ನು ಬೀದಿಗೆಲ್ಲ ಹಂಚುವ ಮೊದಲು ತಾತನನ್ನು ಕಣ್ಣಿನ ವೈದ್ಯರ ಹತ್ತಿರ ಕರೆದೊಯ್ಯಬೇಕು.

ಚಿಕ್ಕಂದಿನಿಂದ ಮೈನಸ್ ಕನ್ನಡಕ ಹಾಕಿದವರು ಅದನ್ನು ತೆಗೆದು ಓದುವುದು ಬೇರೆ ವಿಷಯ. ಅವರ ಕಣ್ಣು ಮೊದಲಿನಿಂದಲೇ ಹತ್ತಿರಕ್ಕೆ ಹೊಂದಿಕೊಂಡದ್ದು.

ಚಾಳೀಸು ನಿಧಾನವಾಗಿ, ಎರಡೂ ಕಣ್ಣಿಗೆ, ನೋವಿಲ್ಲದೆ ಬರುತ್ತದೆ. ಒಂದೇ ಕಣ್ಣು ಮಸುಕಾದರೆ, ಮಿಂಚು ಹೊಡೆದಂತಾದರೆ, ಪರದೆ ಇಳಿದಂತೆ ಕಂಡರೆ, ನೇರ ಗೆರೆ ಸೊಟ್ಟಗೆ ಕಂಡರೆ, ಕಣ್ಣು ಕೆಂಪಾಗಿ ನೋವಿದ್ದರೆ ಅದು ಚಾಳೀಸಲ್ಲ, ಕಾಯಬಾರದು.

ಹನಿ ಮದ್ದಿನ ಸುದ್ದಿ

ಓದುವ ಕನ್ನಡಕಕ್ಕೆ ಬದಲಾಗಿ ಕಣ್ಣಿನ ಹನಿ ಬಂತೆಂದು 2024ರಲ್ಲಿ ಪತ್ರಿಕೆಗಳಲ್ಲಿ ಬಂದಿತ್ತು. ಅದರಲ್ಲಿರುವುದು ಪೈಲೋಕಾರ್ಪಿನ್, ಕಣ್ಣಿನ ನರವನ್ನು ಕೆಡಿಸುವ ಗ್ಲಾಕೋಮಾ ಕಾಯಿಲೆಗೆ ಬಹಳ ಹಿಂದಿನಿಂದ ಬಳಸುವ ಔಷಧಿ. ಅಮೆರಿಕದಲ್ಲಿ 2021ರಲ್ಲಿ ಚಾಳೀಸಿಗೂ ಒಪ್ಪಿಗೆ ಸಿಕ್ಕಿತ್ತು. ಭಾರತದಲ್ಲಿ 2024ರ ಆಗಸ್ಟ್‌ನಲ್ಲಿ ಕೊಟ್ಟ ಅನುಮತಿಯನ್ನು, ಪ್ರಚಾರ ಮಿತಿಮೀರಿತೆಂದು, ಸೆಪ್ಟೆಂಬರಿನಲ್ಲಿ ಔಷಧ ನಿಯಂತ್ರಕರು ತಡೆಹಿಡಿದರು. ಹನಿ ಮಾಡುವುದು ಗುಂಡುಸೂಜಿಯ ತೂತಿನ ಕೆಲಸವನ್ನೇ: ಪಾಪೆಯನ್ನು ಕೆಲವು ಗಂಟೆ ಕಿರಿದಾಗಿಸುತ್ತದೆ. ತಲೆನೋವು ಬರಬಹುದು, ರಾತ್ರಿ ಗಾಡಿ ಓಡಿಸುವುದು ಕಷ್ಟ. ವೈದ್ಯರನ್ನು ಕೇಳದೆ ಹಾಕುವಂಥದ್ದಲ್ಲ.

ಟೇಪು ಹಿಡಿದು ಹೋಗಿ

ಕನ್ನಡಕ ಹಾಕಿದರೆ ಕಣ್ಣು ಸೋಮಾರಿಯಾಗಿ ನಂಬರ್ ಏರುತ್ತದೆ ಎಂಬ ಭಯದಿಂದ ವರ್ಷಗಟ್ಟಲೆ ಮುಂದೂಡುವವರಿದ್ದಾರೆ. ನಂಬರ್ ಏರುವುದು ವಯಸ್ಸಿನಿಂದ. ಹಾಕಿದರೂ ಏರುತ್ತದೆ, ಹಾಕದಿದ್ದರೂ ಏರುತ್ತದೆ, ಅರವತ್ತರ ಹೊತ್ತಿಗೆ ಹೆಚ್ಚುಕಡಿಮೆ ನಿಲ್ಲುತ್ತದೆ. ಹಾಕದಿದ್ದರೆ ಆಗುವ ನಷ್ಟಕ್ಕೆ ಅಳತೆಯೂ ಇದೆ. ಅಸ್ಸಾಮಿನ ಚಹಾ ತೋಟಗಳಲ್ಲಿ ನಲವತ್ತು ದಾಟಿದ ಕಾರ್ಮಿಕರಿಗೆ ಹತ್ತಿರದ ಕನ್ನಡಕ ಕೊಟ್ಟು ನಡೆಸಿದ, 2018ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಕನ್ನಡಕ ಸಿಕ್ಕವರ ಎಲೆ ಕೀಳುವ ಪ್ರಮಾಣ ಸಿಗದವರಿಗಿಂತ ಸುಮಾರು ಶೇ 22ರಷ್ಟು ಹೆಚ್ಚು ಏರಿತ್ತು. ಎಲೆ ಕೀಳುವುದಕ್ಕೇ ಅಷ್ಟಾದರೆ ರೇಷ್ಮೆ ಎಳೆ ಹಿಡಿಯುವ ಕೆಲಸಕ್ಕೆ ಎಷ್ಟಾದೀತೋ.

ರಾಜ್ಯ ಸರ್ಕಾರದ ಆಶಾಕಿರಣ ಯೋಜನೆ ಮೊದಲು ಕಾಲಿಟ್ಟ ಜಿಲ್ಲೆಗಳಲ್ಲಿ ಚಿಕ್ಕಬಳ್ಳಾಪುರವೂ ಒಂದು. ಮನೆ ಮನೆಗೆ ಹೋಗಿ ಕಣ್ಣು ತಪಾಸಣೆ ಮಾಡಿ, ಬೇಕಾದವರಿಗೆ ಉಚಿತ ಕನ್ನಡಕ ಕೊಡುವ ಯೋಜನೆ ಅದು. ಸಂತೆಯಲ್ಲಿ ಸಿಗುವ ಸಿದ್ಧ ಕನ್ನಡಕ ಎರಡೂ ಕಣ್ಣಿಗೆ ಒಂದೇ ನಂಬರಿನದು. ನಿಮ್ಮ ಕಣ್ಣುಗಳೂ ಹಾಗೇ ಇದ್ದರೆ ತೊಂದರೆಯಿಲ್ಲ, ಇಲ್ಲದಿದ್ದರೆ ತಲೆನೋವು. ನಲವತ್ತರ ನಂತರ ಒಮ್ಮೆಯಾದರೂ ಪೂರ್ತಿ ಪರೀಕ್ಷೆ ಮಾಡಿಸಲು ಇನ್ನೊಂದು ಕಾರಣವಿದೆ: ಗ್ಲಾಕೋಮಾ ಸದ್ದಿಲ್ಲದೆ ದೃಷ್ಟಿ ತಿನ್ನುತ್ತದೆ, ಪರೀಕ್ಷೆಯಲ್ಲೇ ಸಿಕ್ಕಬೇಕು.

ಪರೀಕ್ಷೆಗೆ ಹೋಗುವಾಗ ನಿಮ್ಮ ಕೆಲಸದ ದೂರವನ್ನು ಅಳೆದುಕೊಂಡು ಹೋಗಿ. ಆ ದೂರಕ್ಕೆ ಬೇಕಾದ ಒಟ್ಟು ನಂಬರ್ ಎಂದರೆ ಒಂದನ್ನು ಮೀಟರಿನ ದೂರದಿಂದ ಭಾಗಿಸಿದ ಲೆಕ್ಕ. 40 ಸೆಂಟಿಮೀಟರಿಗೆ ಎರಡೂವರೆ, ಅರ್ಧ ಮೀಟರಿಗೆ ಎರಡು. ಅದರಲ್ಲಿ ನಿಮ್ಮ ಕಣ್ಣು ಇನ್ನೂ ಆರಾಮವಾಗಿ ಕೊಡಬಲ್ಲಷ್ಟನ್ನು ಕಳೆದು ಉಳಿದದ್ದನ್ನು ಕನ್ನಡಕ ತುಂಬುತ್ತದೆ. ಪತ್ರಿಕೆಯ ದೂರಕ್ಕೆ ಕೊಟ್ಟ ಕನ್ನಡಕದಲ್ಲಿ ಅರ್ಧ ಮೀಟರ್ ಆಚೆಗಿನ ತೊಟ್ಟಿ ಮಸುಕಾಗಬಹುದು. ನಮ್ಮ ಬೀದಿಯ ಅಕ್ಕನಿಗೆ ಮೊದಲ ಸಲ ಆದದ್ದು ಹಾಗೆಯೇ, ಕನ್ನಡಕ ಸರಿಯಿಲ್ಲವೆಂದು ಮೂರು ತಿಂಗಳು ಡಬ್ಬಿಯಲ್ಲಿಟ್ಟಿದ್ದರು. ಎರಡನೆಯ ಸಲ ಮಗ ತೊಟ್ಟಿಯಿಂದ ಕಣ್ಣಿಗೆ ಟೇಪು ಹಿಡಿದು ಅಳೆದು ಚೀಟಿ ಬರೆದುಕೊಟ್ಟ. ಈಗ ಎಳೆ ಕಾಣುತ್ತದೆ. ಆವಿಗೆ ಗಾಜು ಮಂಜಾಗುವುದೊಂದು ಮಾತ್ರ ಉಳಿದಿದೆ, ಅದಕ್ಕೆ ಅವರು ಸೆರಗಿನ ತುದಿಯನ್ನೇ ನಂಬಿಕೊಂಡಿದ್ದಾರೆ.